ಚುಕ್ಕೆ ಹಾಕಿದ ಹೆಸರುಗಳು

ಮಾರ್ಚ್ 3, ಭಾನುವಾರ

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರ.

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಪ್ರಾರ್ಥನೆ ಪುಸ್ತಕದೊಳಗೆ ಇಟ್ಟಿದ್ದೆ. ದಿನಾ ಬೆಳಿಗ್ಗೆ ಪುಸ್ತಕ ತೆಗೆದಾಗಲೆಲ್ಲ ಅದು ನನ್ನನ್ನು ದುರುಗುಟ್ಟಿ ನೋಡುತ್ತಿತ್ತು. ಇನ್ನೂ ತಡಮಾಡಿದರೆ ನಿನಗಷ್ಟೇ ಅಲ್ಲ, ದೇವರಿಗೂ ಸಿಟ್ಟು ಬಂದೀತು ಎಂದು ಇವತ್ತು ಕೂತಿದ್ದೇನೆ. ತಪ್ಪನ್ನು ಹೊಟ್ಟೆಗೆ ಹಾಕಿಕೋ.

ಇವರು "ಫೋನ್ ಮಾಡಿದ್ರೆ ಎರಡು ನಿಮಿಷದ ಕೆಲಸ, ಅದೇನು ಬರೀತಾ ಕೂತಿದೀಯ" ಅನ್ನುತ್ತಾರೆ. ನಿನ್ನ ಕಿವಿಯ ಕಥೆ ಇವರಿಗೇನು ಗೊತ್ತು? ನಿನಗೆ ಕೇಳಿಸುವಂತೆ ಹೇಳಬೇಕಾದರೆ ನಮ್ಮ ಮೂರನೆಯ ಮಹಡಿಯಿಂದ ಕೆಳಗಿನ ಬಸ್ ನಿಲ್ದಾಣದವರೆಗೂ ಕೇಳಿಸುತ್ತದೆ. ಈಗ ನಾನು ಹೇಳಬೇಕಾಗಿರುವುದು ಬಸ್ಸಿಗೆ ಕಾಯುವವರೆಲ್ಲ ಕೇಳುವ ವಿಷಯವಲ್ಲ. ಇವರ ಮಂಡಿನೋವು ಹಾಗೇ ಇದೆ. ಇಳಿಯುವಾಗ ಮೆಟ್ಟಿಲಿಗೊಬ್ಬರಂತೆ ಬೈಯುತ್ತಾರೆ. ಕೆಳಗೆ ತಲುಪುವ ಹೊತ್ತಿಗೆ ನಮ್ಮ ನೆಂಟರೆಲ್ಲ ಮುಗಿದಿರುತ್ತಾರೆ. ನೀನೂ ಸೇರಿ.

ಆಸ್ಪತ್ರೆ ಬಟ್ಟೆ ಒಗೆಯುವ ನಮ್ಮ ಲಾಂಡ್ರಿಯಲ್ಲಿ ಚುನಾವಣೆ ಬಂದಿದೆ. ಕೆಲಸಗಾರರ ಪರವಾಗಿ ಕಂಪನಿಯ ಹತ್ತಿರ ಮಾತಾಡುವ ಹಕ್ಕು ನಮ್ಮ ಸಂಘಕ್ಕೆ ಬೇಕೋ ಬೇಡವೋ ಎಂದು ಓಟು. ಇದೇ ಇಪ್ಪತ್ತೆರಡು, ಶುಕ್ರವಾರ, ಎದುರಿನ ಶಾಲೆಯಲ್ಲಿ. ಸದಸ್ಯರು ಇನ್ನೂರ ಹನ್ನೆರಡು ಜನ. ಅರ್ಧಕ್ಕಿಂತ ಒಬ್ಬರಾದರೂ ಹೆಚ್ಚು ಓಟು ಹಾಕಬೇಕು, ಅಂದರೆ ನೂರ ಏಳು. ಆಗದಿದ್ದರೆ ಚುನಾವಣೆಯೇ ರದ್ದು. ಆಗ ಕಂಪನಿಯವರ ಕ್ಷೇಮ ಸಮಿತಿಯೇ ಮುಂದುವರಿಯುತ್ತದೆ. ಅದರ ಅಧ್ಯಕ್ಷರು ಯಾರು ಅಂತೀಯ? ನಮ್ಮ ಸೂಪರ್‌ವೈಸರೇ. ಗಾಜಿನ ಕೋಣೆಯಲ್ಲಿ ಕೂರುವುದರಿಂದ ಎಲ್ಲರೂ ಅವನನ್ನು ಗಾಜಿನ ಸಾಹೇಬ ಅನ್ನುತ್ತೇವೆ. ಎರಡು ಸಲ ಹೀಗೇ ರದ್ದಾಯಿತು. ಬಂದವರು ನಮಗೇ ಹಾಕುತ್ತಾರಕ್ಕ. ಬಾರದೆ ಇರುವವರೇ ಅವನ ಕಡೆಯ ಓಟು.

ಹಕ್ಕು ಯಾಕೆ ಬೇಕು ಅಂದರೆ, ಇಸ್ತ್ರಿ ರೋಲರಿಗೆ ಜಾಲರಿ ಹಾಕಿಸಬೇಕು. ನನ್ನ ಜೋಡಿಯವಳ ಬಗ್ಗೆ ನಿನಗೆ ಹೇಳಿದ್ದೆನಲ್ಲ, ಸೂಜಿ ಅಂತ ಕರೆಯುತ್ತೇವೆ, ಸಣಕಲು ಮೈ, ಮಾತು ಕಡಿಮೆ, ಆಡಿದರೆ ಚುಚ್ಚುತ್ತದೆ. ಹೋದ ವರ್ಷ ಅವಳ ಎಡಗೈಯ ಎರಡು ಬೆರಳು ಬಿಸಿ ರೋಲರಿಗೆ ಸಿಕ್ಕಿ ಈಗ ಮಡಚುವುದಿಲ್ಲ. ಬೆಡ್‌ಶೀಟ್ ಮಡಚುವುದು ಒಬ್ಬರ ಕೆಲಸವಲ್ಲ, ನಿನಗೆ ಗೊತ್ತು. ಆ ತುದಿ ಅವಳು, ಈ ತುದಿ ನಾನು. ಜಗ್ಗಿ ಒದರಿ, ಎದುರೆದುರು ನಡೆದು ಬಂದು, ನನ್ನ ಮೂಲೆಯನ್ನು ಅವಳ ಕೈಗೆ ಕೊಡಬೇಕು. ಹನ್ನೊಂದು ವರ್ಷದಿಂದ ದಿನಕ್ಕೆ ನಾನೂರು ಸಲ ನಮ್ಮ ಕೈ ಕೂಡಿದೆ. ಈಗ ಅವಳ ಬಲಗೈಗೇ ಮೂಲೆ ಕೊಡುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಸಂಘದವರು ಒಬ್ಬೊಬ್ಬರನ್ನೇ ಮನೆಗಳಿಗೆ ಕಳಿಸುವುದಿಲ್ಲ, ಇಬ್ಬಿಬ್ಬರನ್ನು ಕಳಿಸುತ್ತಾರೆ. ನಾವು ಬಟ್ಟೆ ಮಡಚುವ ದೊಡ್ಡ ಕೋಣೆಗೆ ಒಣ ಹಾಲು ಅನ್ನುತ್ತೇವೆ, ಕೊಳೆ ಬಟ್ಟೆ ಒಗೆಯುವ ಕಡೆಗೆ ಒದ್ದೆ ಹಾಲು. ಒಣ ಹಾಲಿನ ನಲವತ್ತು ಹೆಸರು ನನಗೂ ಸೂಜಿಗೂ. ಏಳನೇ ಕ್ಲಾಸಿನವರೆಗೆ ಓದಿದವಳಾದರೂ ನನ್ನ ಅಕ್ಷರ ದುಂಡಗಿದೆ ಎಂದು ಪಟ್ಟಿ ನನ್ನ ಕೈಗೇ ಕೊಟ್ಟರು. ಬರುತ್ತೇನೆ ಅಂದವರಿಗೆ ಸರಿ ಗುರುತು. ಬರುವುದಿಲ್ಲ ಅಂದವರಿಗೆ ಸೊನ್ನೆ. ನೋಡೋಣ ಅಂದವರಿಗೆ ಚುಕ್ಕೆ. ಸಂಜೆ ಚೀಲ ಹಿಡಿದು ಮೆಟ್ಟಿಲು ಹತ್ತಿ ಇಳಿದು ನನ್ನ ಮಂಡಿಯೂ ಈಗ ಇವರ ಮಂಡಿಯ ಜೊತೆ ಮಾತಾಡುತ್ತದೆ.

ಚುಕ್ಕೆಯವರ ಹೆಸರನ್ನು ನನ್ನ ಬೆಳಗಿನ ಪ್ರಾರ್ಥನೆಗೂ ಸೇರಿಸಿಕೊಂಡಿದ್ದೇನೆ. ಸರಿ ಗುರುತಿನವರಿಗೆ ನನ್ನ ಪ್ರಾರ್ಥನೆ ಬೇಡ, ಸೊನ್ನೆಯವರನ್ನು ದೇವರೇ ನೋಡಿಕೊಳ್ಳಲಿ. ಆರಕ್ಕೆ ಪಾಳಿ ಶುರು. ಕಾಲು ಗಂಟೆ ಮುಂಚೆ ಹೋಗಿ, ಒಣ ಬಟ್ಟೆಯ ಕೋಣೆಯಲ್ಲಿ ಕಪಾಟುಗಳ ಹಿಂದೆ, ಹಲಗೆ ಗೋಡೆಗೆ ಮುಖಮಾಡಿ ನಿಲ್ಲುತ್ತೇನೆ. ಇಂಥವಳ ಮಗುವಿಗೆ ಜ್ವರ, ವಾಸಿಮಾಡು, ಅವಳನ್ನು ಕರೆದು ತಾ. ಇಂಥವಳ ಗಂಡ ಬೇಡ ಅನ್ನುತ್ತಾನೆ, ಅವನ ಮನಸ್ಸು ತಿರುಗಿಸು. ಹೀಗೆ ಅಮ್ಮ ಕಲಿಸಿದಂತೆ ಬಾಯಿಬಿಟ್ಟು ಕೇಳುತ್ತೇನೆ. ಮನಸ್ಸಿನಲ್ಲೇ ಗೊಣಗಿಕೊಂಡರೆ ಅಮ್ಮ ಬೆನ್ನಿಗೊಂದು ಗುದ್ದುತ್ತಿದ್ದಳಲ್ಲ, "ನಂಗೇ ಕೇಳಿಸ್ತಿಲ್ಲ, ಅಷ್ಟು ದೂರ ಇರೋನಿಗೆ ಕೇಳ್ಸತ್ತಾ?" ಅಂತ.

ಈಗ ಕೇಳು. ಸಂಜೆ ನಾವು ಒಂದು ಮನೆಗೆ ಹೋಗಿ ಚುಕ್ಕೆ ಹಾಕಿಕೊಂಡು ಬಂದರೆ, ಮರುದಿನ ಬೆಳಿಗ್ಗೆ ಎಂಟಕ್ಕೆ ಅವಳಿಗೆ ಗಾಜಿನ ಕೋಣೆಯಿಂದ ಕರೆ! ಒಂದಲ್ಲ, ಮೂರು ಸಲ ಆಯಿತು. ಸರಿ ಗುರುತಿನವರನ್ನು ಕರೆದಿಲ್ಲ, ಸೊನ್ನೆಯವರನ್ನೂ ಕರೆದಿಲ್ಲ, ಚುಕ್ಕೆಯವರನ್ನೇ ಆರಿಸಿ ಕರೆದಿದ್ದಾನೆ. "ಇಪ್ಪತ್ತೆರಡಕ್ಕೆ ನಿಂಗೆ ಆರರಿಂದ ಆರು ಡ್ಯೂಟಿ. ಗೇಟು ದಾಟಿದ್ರೆ ಮಾರನೇ ದಿನದಿಂದ ಒದ್ದೆ ಹಾಲು" ಅಂದನಂತೆ. ಒಬ್ಬಳಿಗೆ "ನಿನ್ನ ಗಂಡ ಹೇಗೂ ಬೇಡ ಅಂತಾನಲ್ಲ, ನಿಂಗ್ಯಾಕೆ ಉಸಾಬರಿ" ಅಂದನಂತೆ. ಗಂಡನ ವಿಷಯ ಅವಳು ಬಾಗಿಲಲ್ಲಿ ನಿಂತು ನಮ್ಮಿಬ್ಬರಿಗೆ ಮಾತ್ರ ಪಿಸುಗುಟ್ಟಿದ್ದು.

ನಮ್ಮಿಬ್ಬರಿಗೆ ಅಂದರೆ ನನಗೆ, ಮತ್ತೆ ಸೂಜಿಗೆ.

ಪಟ್ಟಿ ನನ್ನ ಚೀಲದಲ್ಲೇ ಇರುತ್ತದೆ, ಚೀಲ ತಲೆದಿಂಬಿನ ಕೆಳಗೆ. ಇವರಿಗೆ ಹೇಳಿದೆ. ಇವರು ಮಂಡಿಗೆ ಎಣ್ಣೆ ತಿಕ್ಕುತ್ತಾ, "ಬೆರಳು ಸುಟ್ಟಾಗ ಅವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಯಾರು? ನಿಮ್ಮ ಗಾಜಿನ ಸಾಹೇಬ. ಋಣ ಅನ್ನೋದು ಇರತ್ತೆ ಕಣೇ" ಅಂದರು. ನಾನು ಬೈದು ಬಾಯಿ ಮುಚ್ಚಿಸಿದೆ. ಆದರೆ ಆ ಮಾತು ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ಅಲ್ಲೇ ಇದೆ. ನೀನೇನು ಹೇಳುತ್ತೀಯ? ಬೇಗ ಬರಿ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆಲ್ಲ ಆಶೀರ್ವಾದ.

ನಿನ್ನ ತಂಗಿ


ಮಾರ್ಚ್ 14, ಗುರುವಾರ

ಅಕ್ಕನಿಗೆ ನಮಸ್ಕಾರ.

ಈ ಸಲ ತಡಮಾಡಲಿಲ್ಲ ನೋಡು. ನಿನ್ನ ಕಾಗದ ಶನಿವಾರ ಸಿಕ್ಕಿತು. "ಅವಳಿಗೊಬ್ಬಳಿಗೇ ಒಂದು ಸುಳ್ಳು ಹೇಳಿ ನೋಡು, ಎಲ್ಲಿಗೆ ಹೋಗಿ ಮುಟ್ಟತ್ತೆ ಅಂತ ಗೊತ್ತಾಗತ್ತೆ" ಎಂದು ಬರೆದಿದ್ದೆಯಲ್ಲ, ಓದಿ ಮೊದಲು ಕಾಗದವನ್ನು ಪ್ರಾರ್ಥನೆ ಪುಸ್ತಕದೊಳಗೆ ಬಚ್ಚಿಟ್ಟೆ. ಮೂರು ದಿನದಲ್ಲಿ ಅದನ್ನೇ ಮಾಡಿದೆ.

ಅಷ್ಟರಲ್ಲಿ ಇನ್ನಿಬ್ಬರು ಚುಕ್ಕೆಯವರನ್ನೂ ಕರೆದಾಗಿತ್ತು. ಒಟ್ಟು ಐದು. ನಾನು ಸೂಜಿಯ ಮುಖವನ್ನೇ ನೋಡುತ್ತಾ ಬಟ್ಟೆ ಮಡಚುತ್ತಿದ್ದೆ. ಹನ್ನೊಂದು ವರ್ಷ ಎದುರಿಗೆ ನಿಂತರೂ ಅವಳ ಕೆನ್ನೆಯ ಮೇಲೆ ಮಚ್ಚೆಯಿದೆ ಎಂದು ಈಗ ಗೊತ್ತಾಯಿತು. ಅನುಮಾನ ಬಂದ ಮೇಲೆ ಕಣ್ಣು ಎಷ್ಟು ಚುರುಕಾಗುತ್ತದೆ ಅಂತೀಯ! ಅವಳು ನೀರು ಕುಡಿಯಲು ಹೋದರೆ ಎಷ್ಟು ಹೊತ್ತಾಯಿತು ಎಂದು ಗಡಿಯಾರ ನೋಡುತ್ತಿದ್ದೆ. ಸಾಹೇಬ ಪಕ್ಕದಲ್ಲಿ ಹಾದುಹೋದಾಗ ಅವಳು ತಲೆಯೆತ್ತಿದರೂ ತಪ್ಪು, ಎತ್ತದಿದ್ದರೂ ತಪ್ಪು. ಮೂಲೆ ಕೊಡುವಾಗ ನನ್ನ ಕೈ ಒಂದು ಗೇಣು ಮೊದಲೇ ನಿಂತುಬಿಡುತ್ತಿತ್ತು.

"ಏನಕ್ಕಾ, ಮೈಗೆ ಹುಷಾರಿಲ್ವಾ?" ಅಂತ ಕೇಳಿದಳು. ನಿನ್ನನ್ನು ನಾನು ಕರೆಯುವ ಹಾಗೆ ಅವಳು ನನ್ನನ್ನು ಅಕ್ಕ ಅನ್ನುತ್ತಾಳೆ.

"ಹುಷಾರಾಗೇ ಇದೀನಿ" ಅಂದೆ. ಹೇಗೆ ಬೇಕಾದರೂ ಅರ್ಥ ಮಾಡಿಕೊಳ್ಳಲಿ ಎಂದು.

ರೋಗಿಗಳ ಅಂಗಿಗೆ ಗುಂಡಿ ಹೊಲಿಯುವ ಅಜ್ಜಿಯೊಬ್ಬಳಿದ್ದಾಳೆ. ಸಂಘಕ್ಕೆ ಮೊದಲ ದಿನವೇ ಹೆಸರು ಬರೆಸಿದವಳು. ಅವಳ ಹೆಸರಿನ ಮುಂದೆ ಸರಿ ಗುರುತು ಹಾಕಲೂ ಬೇಕಿರಲಿಲ್ಲ. ಸೋಮವಾರ ಸಂಜೆ ಮೆಟ್ಟಿಲಲ್ಲಿ ಸೂಜಿಗೆ ಮೆಲ್ಲಗೆ ಹೇಳಿದೆ, "ಗುಂಡಿ ಅಜ್ಜೀಗೂ ಮನಸ್ಸು ಅಳ್ಳಾಡ್ತಿದೆಯಂತೆ. ಮೊಮ್ಮಗಳನ್ನ ಕೆಲಸದಿಂದ ತೆಗೀತಾರೆ ಅಂತ ಹೆದರ್ಕೊಂಡಿದಾಳೆ. ಯಾರ್ಗೂ ಹೇಳ್ಬೇಡ."

ಸೂಜಿ, "ಅಜ್ಜೀನಾ? ನಂಗೆ ನಂಬಿಕೆ ಬರಲ್ಲ" ಅಂದಳು. ಅಷ್ಟೆ.

ಈ ವಯಸ್ಸಿನಲ್ಲಿ ಬೇಕೆಂದೇ ಹೇಳಿದ ಮೊದಲ ಸುಳ್ಳು. ಮಂಗಳವಾರ ಬೆಳಿಗ್ಗೆ ಪ್ರಾರ್ಥನೆಗೆ ನಿಂತಾಗ ಕ್ಷಮಿಸು ಎಂದು ಕೇಳೋಣ ಅಂದುಕೊಂಡೆ. ಸುಳ್ಳು ಎಂಬ ಮಾತು ನಾಲಿಗೆಗೆ ಬರಲೇ ಇಲ್ಲ. ನಾಚಿಕೆಯಾಗಿ, ಅಜ್ಜಿಯ ಹೆಸರನ್ನೂ ಐದು ಜನರ ಜೊತೆ ಸೇರಿಸಿ, ಅವಳಿಗೆ ಧೈರ್ಯ ಕೊಡು, ಮೊಮ್ಮಗಳ ಕೆಲಸ ಕಾಪಾಡು ಎಂದು ಕೈಮುಗಿದು ಬಂದೆ. ನನ್ನ ಬಾಯಿಂದ ಅಜ್ಜಿಗೆ ಕೇಡಾಗದಿರಲಿ ಎಂದು.

ಎಂಟಕ್ಕೆ ಸರಿಯಾಗಿ ಅಜ್ಜಿಗೆ ಕರೆ ಬಂತು!

ಅಜ್ಜಿ ಗಾಜಿನ ಬಾಗಿಲನ್ನು ಧಡಾರನೆ ಬಿಟ್ಟು ಹೊರಗೆ ಬಂದಳು. "ನಂಗೆ ಹೆದರಿಕೆಯಂತೆ! ಮೊಮ್ಮಗಳ ಮೇಲೆ ಪ್ರೀತಿ ಇದ್ರೆ ಆವತ್ತು ಸುಮ್ನೆ ಡ್ಯೂಟಿ ಮಾಡು ಅಂತಾನೆ. ಯಾವ ಮುಂಡೇದು ಹೇಳಿದ್ದು ಇವ್ನಿಗೆ?" ಎಂದು ಹಾಲಿಗೆಲ್ಲ ಕೇಳುವಂತೆ ಕೂಗಿದಳು. ಅದೇ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಸೂಜಿ ಗಾಜಿನ ಕೋಣೆಯೊಳಗೆ ಹೋದಳು. ಅವನು ಏನೋ ಬರೆದು, ಕಂಪನಿಯ ಮುದ್ರೆ ಒತ್ತಿ ಕೊಟ್ಟ. ಅವಳು ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಏಪ್ರನ್ ಜೇಬಿಗೆ ಹಾಕಿಕೊಂಡಳು. ನನ್ನ ಕಣ್ಣಾರೆ ನೋಡಿದೆ ಅಕ್ಕ. ಇನ್ನೇನು ಬೇಕು?

ನಿನ್ನೆ ಸಂಘದ ಕೋಣೆಯಲ್ಲಿ ಎಲ್ಲರೂ ಸೇರಿದಾಗ ಎದ್ದು ನಿಂತು ಹೇಳಿಬಿಟ್ಟೆ. ಚುಕ್ಕೆಯ ಲೆಕ್ಕ, ಅಜ್ಜಿಯ ವಿಷಯ, ಕಾಗದ, ಎಲ್ಲ. ನಮ್ಮ ಕಾರ್ಯದರ್ಶಿ, ಹರಿದ ಬಟ್ಟೆ ಹೊಲಿಯುವ ಮೆಷಿನ್ನಿನವನು, ಮೃದು ಮನುಷ್ಯ. ಅವನು ಸೂಜಿಯನ್ನು, "ಆ ಕಾಗದ ತೋರಿಸಮ್ಮಾ, ಮುಗಿದುಹೋಗಲಿ" ಎಂದು ಕೇಳಿದ.

"ಇಪ್ಪತ್ತೆರಡಕ್ಕೆ ತೋರಿಸ್ತೀನಿ" ಅಂದಳು. "ಈಗ ಗೊತ್ತಾದ್ರೆ ಅವನು ಮಾತು ತಪ್ಪಿಸ್ತಾನೆ."

"ಮಾತು! ಅವನ ಹತ್ರ ನಿಂದೇನೇ ಮಾತು?" ಎಂದು ನಾನು ಕೇಳಿದೆ. ಹಿಂದಿನಿಂದ ಯಾರೋ ಕಿಸಕ್ಕೆಂದರು.

ಅವಳು ನನ್ನ ಕಡೆ ತಿರುಗಿದಳು. "ಅಜ್ಜಿ ವಿಷಯ ಸುಳ್ಳು ಅಂತ ನಿಂಗೆ ಗೊತ್ತಿತ್ತಾ ಅಕ್ಕಾ?"

"ಗೊತ್ತಿತ್ತು."

"ಗೊತ್ತಿದ್ದೂ ನನ್ ಕೈಗೆ ಕೊಟ್ಟೆ."

ಅವಳು ಸಂಘದ ಚೀಟಿಗಳ ಚೀಲವನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಅಳಲಿಲ್ಲ, ಕೂಗಾಡಲಿಲ್ಲ. ನಿಜವಾಗಿ ತಪ್ಪಿಲ್ಲದವಳಾದರೆ ಕೂಗಾಡಬೇಕಿತ್ತು ಅಲ್ಲವಾ? ನಾನಾದರೆ ಕೋಣೆ ಹಾರಿಹೋಗುವಂತೆ ಕೂಗಾಡುತ್ತಿದ್ದೆ. ಇವತ್ತು ಮೇಜಿನ ಎದುರು ಬೇರೆ ಹುಡುಗಿ ನಿಂತಿದ್ದಳು. ಸೂಜಿ ರೋಲರಿನ ಕಡೆ ಕೆಲಸ ಕೇಳಿಕೊಂಡಳಂತೆ.

ಇನ್ನು ಮೇಲೆ ಪಟ್ಟಿಯನ್ನು ನಾನೊಬ್ಬಳೇ ನೋಡಿಕೊಳ್ಳುತ್ತೇನೆ. ಹೊಸ ಚುಕ್ಕೆಗಳೂ ಉಳಿದಿಲ್ಲ. ಆ ಆರು ಹೆಸರನ್ನೇ ದಿನಾ ದೇವರ ಮುಂದಿಡುತ್ತಿದ್ದೇನೆ. ನಿನ್ನ ಉಪಾಯಕ್ಕೆ ಏನು ಹೇಳಬೇಕೋ ತಿಳಿಯದು. ಕೆಲಸವಂತೂ ಮಾಡಿತು.

ಎಲ್ಲರಿಗೂ ಒಳ್ಳೆಯದಾಗಲಿ.

ನಿನ್ನ ತಂಗಿ


ಮಾರ್ಚ್ 24, ಭಾನುವಾರ

ಅಕ್ಕನಿಗೆ ನಮಸ್ಕಾರ.

ಗೆದ್ದೆವು! ಮೊದಲು ಅದನ್ನು ಬರೆದುಬಿಡುತ್ತೇನೆ. ನೂರ ಹನ್ನೆರಡು ಓಟು. ಜಾಲರಿ ಬರುತ್ತದೆ, ಬಾರದಿದ್ದರೆ ಕೇಳುವ ಬಾಯಿಯಾದರೂ ಬಂತು.

ಆದರೆ ಆ ದಿನ ಪಟ್ಟ ಪಾಡು ನನಗೇ ಗೊತ್ತು. ಶಾಲೆಯ ಬಾಗಿಲಲ್ಲಿ ಚಿಕ್ಕ ಮಕ್ಕಳ ಬೆಂಚಿನ ಮೇಲೆ ಮಂಡಿ ಗದ್ದಕ್ಕೆ ತಾಗುವಂತೆ ಕೂತು, ಬಂದವರ ಹೆಸರಿಗೆ ಗೆರೆ ಎಳೆಯುವುದು ನನ್ನ ಕೆಲಸ. ಬೆಳಿಗ್ಗೆ ಚೆನ್ನಾಗಿಯೇ ಬಂದರು. ಊಟದ ಹೊತ್ತಿನ ಮೇಲೆ ಬಾಗಿಲು ಬಿಕೋ ಅಂದಿತು. ಮೂರು ಗಂಟೆಗೆ ನೂರ ಮೂರು. ಐದಕ್ಕೆ ಬಾಗಿಲು ಮುಚ್ಚುತ್ತಾರೆ. ಕಾರ್ಯದರ್ಶಿ ಹೊರಗೆ ಅತ್ತಿಂದಿತ್ತ ಓಡಾಡಿ ಅಂಗಳದ ಹುಲ್ಲನ್ನೇ ಸವೆಸಿದ.

ಮೂರೂವರೆಗೆ ಇಬ್ಬರು ಹೆಂಗಸರು ಓಡುತ್ತಾ ಬಂದರು, ಏಪ್ರನ್ ಕೂಡ ಬಿಚ್ಚಿಲ್ಲ, ಮೈಯೆಲ್ಲ ಆವಿ. ಚುಕ್ಕೆಯವರು! ಡ್ಯೂಟಿಯಲ್ಲಿ ಇರಬೇಕಾದವರು.

"ನಿಮ್ಮನ್ನ ಹೇಗೆ ಬಿಟ್ಟ?" ಅಂತ ಕೇಳಿದೆ.

"ಸೂಜಿ ಕಳಿಸಿದ್ಲು. ಅರ್ಧ ಗಂಟೆ ಟೈಮು, ಮಾತಾಡಿಸ್ಬೇಡಿ ಅಕ್ಕಾ, ಚೀಟಿ ಕೊಡಿ!"

ನಾಲ್ಕಕ್ಕೆ ಇನ್ನಿಬ್ಬರು. ನಾಲ್ಕೂವರೆಗೆ ಇನ್ನೊಬ್ಬಳು, ಅವಳ ತೋಳು ಹಿಡಿದು ಗುಂಡಿ ಅಜ್ಜಿ. ಇದು ಅವನದೇ ಏನೋ ಕುತಂತ್ರ, ಆಮೇಲೆ ಈ ಓಟುಗಳನ್ನೇ ರದ್ದು ಮಾಡಿಸುತ್ತಾನೆ ಎಂದೇ ನಾನು ಅಂದುಕೊಂಡೆ. ಅಜ್ಜಿ ಓಟು ಹಾಕಿ ಬಂದು ನಾಲ್ಕು ಮಡಿಕೆಯ ಕಾಗದವೊಂದನ್ನು ನನ್ನ ಮುಂದಿಟ್ಟಳು. ಅದೇ ಮುದ್ರೆಯ ಕಾಗದ. ಅದರಲ್ಲಿ ಬರೆದಿದ್ದು ಇಷ್ಟು: ಆರು ಜನರ ಕೆಲಸವನ್ನು ಸೂಜಿ ವಹಿಸಿಕೊಂಡರೆ ಇಬ್ಬಿಬ್ಬರಾಗಿ ಅರ್ಧ ಗಂಟೆ ಹೊರಗೆ ಹೋಗಬಹುದು. ಸೂಜಿ ಮಾತ್ರ ಆ ದಿನ ಗೇಟು ದಾಟಬಾರದು.

"ಓಡಾಡಿ ಜನ ಸೇರಿಸೋಳು ಒಳಗೇ ಬಿದ್ದಿರ್ಲಿ ಅಂತ ಅವನ ಲೆಕ್ಕ" ಅಂದಳು ಅಜ್ಜಿ. "ಅವಳು ಅಲ್ಲಿ ಬೆಡ್‌ಶೀಟಿನ ಒಂದು ತುದಿ ಕಿಟಕಿ ಕಂಬಿಗೆ ಕಟ್ಟಿ, ಇನ್ನೊಂದು ತುದಿ ಹಿಡ್ಕೊಂಡು ಒಬ್ಬಳೇ ಮಡಚ್ತಿದಾಳೆ. ಆ ಕೈಯಲ್ಲಿ."

ನಡುನಡುವೆ ಬೇರೆ ಮೂವರೂ ಬಂದಿದ್ದರು. ಐದಕ್ಕೆ ಬಾಗಿಲು ಮುಚ್ಚಿದರು. ಸೂಜಿಯ ಹೆಸರಿನ ಮುಂದೆ ಗೆರೆ ಬೀಳಲಿಲ್ಲ. ಆ ಆರು ಜನರನ್ನು ಕಳೆದರೆ ನೂರ ಆರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿ ನನ್ನ ಹತ್ತಿರ ಬಂದು, "ನಾವೇನಾದ್ರೂ ತಪ್ಪು ತಿಳ್ಕೊಂಡ್ವಾ?" ಅಂದ. ನಾನು ಯೋಚಿಸಿ ಹೇಳಿದೆ, ಸಾಹೇಬನಿಗೆ ಹೆಸರು ಹೇಳಿದ್ದು ಅವಳೇ, ಅದರಲ್ಲಿ ಅನುಮಾನವಿಲ್ಲ, ಇಲ್ಲದಿದ್ದರೆ ಅಜ್ಜಿಯ ಹೆಸರು ಹೇಗೆ ಹೋಯಿತು? ಮಾಡಿದ ಮೇಲೆ ಮನಸ್ಸು ಚುಚ್ಚಿರಬೇಕು, ತೀರಿಸಿದಳು. ಎಲ್ಲರಿಗೂ ಅದೇ ಸರಿ ಅನಿಸಿತು. ಪಶ್ಚಾತ್ತಾಪಪಟ್ಟವರನ್ನು ದೇವರೇ ಕ್ಷಮಿಸುತ್ತಾನಂತೆ, ನಾನೆಷ್ಟರವಳು? ಕ್ಷಮಿಸಿದ್ದೇನೆ ಅಕ್ಕ. ಶನಿವಾರ ಗೇಟಿನ ಹತ್ತಿರ ಕಂಡಾಗ ನಾನೇ ಮೊದಲು ನಕ್ಕೆ. ಅವಳು ನಗಲಿಲ್ಲ. ಗೇಟಿನೊಳಗೆ ಹೋಗಿ, ತಾನೇ ಕೇಳಿಕೊಂಡು ಒದ್ದೆ ಹಾಲಿಗೆ ಸೇರಿದಳಂತೆ. ಇರಲಿ, ಕಾಲ ಬರುತ್ತದೆ.

ನಿನ್ನ ಕಿವಿಗೆ ಔಷಧಿ ತಪ್ಪಿಸಬೇಡ. ದೇವರು ನಿನ್ನ ಮನೆಯನ್ನು ತಂಪಾಗಿಟ್ಟಿರಲಿ.

ನಿನ್ನ ತಂಗಿ

ಮತ್ತೆ: ಇವತ್ತು ಮಂಗಳವಾರ. ಅಂಚೆಗೆ ಹಾಕಲು ಪುರುಸೊತ್ತಾಗದೆ ಕಾಗದ ಚೀಲದಲ್ಲೇ ಉಳಿಯಿತು. ಮೇಲೆ ಬರೆದಿದ್ದನ್ನು ಹರಿದು ಹಾಕಬೇಕು ಅನಿಸಿತು. ಹರಿಯುವುದಿಲ್ಲ. ನಾನು ಎಂಥವಳು ಎಂದು ನಿನಗಾದರೂ ಗೊತ್ತಿರಲಿ.

ಇವತ್ತು ಬೆಳಿಗ್ಗೆ ಬಾಯ್ಲರ್ ನೋಡಿಕೊಳ್ಳುವ ಅಜ್ಜ, ಪಾಪದ ಪ್ರಾಣಿ, ನಗುತ್ತಾ ಕೇಳಿದ. "ಏನಮ್ಮಾ, ಚುನಾವಣೆ ಮುಗಿದ್ಮೇಲೆ ನಿಮ್ಮ ಪ್ರಾರ್ಥನೇಲಿ ಹೆಸ್ರುಗಳೇ ಬರ್ತಿಲ್ವಲ್ಲ?"

"ನಿಂಗೆ ಹೇಗೆ ಗೊತ್ತು?" ಅಂದೆ.

"ಅಯ್ಯೋ, ಹಲಗೆ ಗೋಡೆಯಾಚೆ ನಾವು ಟೀ ಕುಡಿಯೋದು. ನಾನೂ ಸಾಹೇಬ್ರೂ ದಿನಾ ಕೇಳ್ತಿದ್ವಿ. ನಾನು ಕಣ್ಣು ಮುಚ್ಕೊಂಡು ಕೈಮುಗೀತಿದ್ದೆ. ಅವ್ರು ಪುಸ್ತಕ ಪೆನ್ನು ಹಿಡ್ಕೊಂಡು ಕೂತಿರೋರು. ಎಷ್ಟು ಭಕ್ತಿ ಅಂತ ನಾನು ಅಂದ್ಕೊಂಡೆ."

ಅಕ್ಕ, ಅವಳಲ್ಲ. ನಾನು. ಐದು ಜನರನ್ನೂ, ಗಂಡ ಬೇಡ ಅಂದಿದ್ದನ್ನೂ, ಮಗುವಿನ ಜ್ವರವನ್ನೂ, ಅಜ್ಜಿಯನ್ನೂ, ಅಜ್ಜಿಯ ಮೊಮ್ಮಗಳನ್ನೂ ನನ್ನ ಬಾಯಿಂದಲೇ ಅವನ ಪುಸ್ತಕಕ್ಕೆ ಬರೆಸಿದ್ದೇನೆ. ನಿನಗೆ ಫೋನಿನಲ್ಲಿ ಹೇಳಿದರೆ ಯಾರಾದರೂ ಕೇಳಿಸಿಕೊಂಡಾರು ಎಂದು ಹೆದರಿ ಕಾಗದ ಬರೆದವಳು ನಾನೇ. ಆ ಆರು ಜನರನ್ನು ಕರೆದು ತಾ ಎಂದು ದೇವರನ್ನು ದಿನಾ ಕೇಳಿದೆ. ಅವನು ಕರೆದು ತಂದ, ಎರಡು ಬೆರಳು ಮಡಚದ ಅವಳ ಆ ಕೈಯಿಂದ. ಅವಳು ಯಾರಿಂದ ಓಟು ಹಾಕಿಸಿದಳೋ ಅವರ ಮುಂದೆಯೇ ನಾನು ಅವಳಿಗೆ ಕ್ಷಮೆ ದಯಪಾಲಿಸಿದೆ.

ಇವತ್ತು ಎರಡು ಸಲ ಒದ್ದೆ ಹಾಲಿನ ಬಾಗಿಲವರೆಗೆ ಹೋಗಿ ಬಂದೆ. ಅವಳು ಬೆನ್ನು ತಿರುಗಿಸಿ ರಕ್ತದ ಕಲೆಯ ಬಟ್ಟೆಗಳನ್ನು ಬೇರೆ ಮಾಡುತ್ತಿದ್ದಳು. ಅಲ್ಲಿ ಬೆಳಿಗ್ಗೆ ಐದರ ಪಾಳಿಯಿಂದಲೇ ಹನ್ನೆರಡು ಮೆಷಿನ್ನು ಒಟ್ಟಿಗೆ ತಿರುಗುತ್ತವೆ. ಹತ್ತಿರ ನಿಂತು ಕಿವಿಯಲ್ಲಿ ಹೇಳಿದರೂ ಕೇಳಿಸುವುದಿಲ್ಲ. ಅವಳಿಗೆ ಕೇಳಬೇಕಾದರೆ ಹಾಲಿಗೆಲ್ಲ ಕೇಳುವಂತೆ ಕೂಗಬೇಕು.

ನಾಳೆ ಬೆಳಿಗ್ಗೆ ಪ್ರಾರ್ಥನೆಗೆ ಹೋಗುವುದಿಲ್ಲ. ಆ ಕಾಲು ಗಂಟೆ ಒದ್ದೆ ಹಾಲಿಗೇ ಹೋಗುತ್ತೇನೆ.